ಔಷಧಕ್ಕೆ ಬಗ್ಗದ ವೈರಸ್ ತೆರುವ ಬೆಲೆ: ಹನ್ನೆರಡು ಸಾಲಿನ ವರದಿಗೊಂದು ವ್ಯಾಖ್ಯಾನ

ಎಚ್‌ಐವಿ ಚಿಕಿತ್ಸೆಯಲ್ಲಿರುವವರ ರಕ್ತದಲ್ಲಿ ವೈರಸ್ ಮತ್ತೆ ತಲೆಯೆತ್ತಿದರೆ, ಅದು ಯಾವ ಮಾತ್ರೆಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ತಿಳಿಯಲು ಜೀನೋಟೈಪ್ ಪರೀಕ್ಷೆ ಮಾಡಿಸುತ್ತಾರೆ. ವರದಿ ಒಂದೆರಡು ಪುಟದ್ದು. ಒಂದು ಅಕ್ಷರ, ಒಂದು ಅಂಕಿ, ಮತ್ತೊಂದು ಅಕ್ಷರ. ಹೀಗೇ ಸಾಲು ಸಾಲು. ಪಡೆದವರು ಅದನ್ನು ಮಡಚಿ ಫೈಲಿಗೆ ಸೇರಿಸುತ್ತಾರೆ. ತುಂಬಿದ ಹೊರರೋಗಿ ವಿಭಾಗದಲ್ಲಿ ಕೂತ ವೈದ್ಯರಿಗೆ ಸಾಲು ಬಿಡಿಸಿ ಹೇಳುವಷ್ಟು ಪುರುಸೊತ್ತು ಸಿಗುವುದಿಲ್ಲ. ಆ ಸಾಲುಗಳನ್ನು ಒಂದೊಂದಾಗಿ ಬಿಡಿಸುವುದು ಈ ಬರಹದ ಕೆಲಸ.

ಇಲ್ಲಿ ಮೂಲವಾಗಿ ಇಟ್ಟುಕೊಂಡಿರುವ ವರದಿ ಯಾರೊಬ್ಬರದೂ ಅಲ್ಲ. ಸರ್ಕಾರದ ಉಚಿತ ಚಿಕಿತ್ಸೆಯ ಮೊದಲ ಹಂತದ ಹಳೆಯ ಔಷಧಗಳು ಕೈಕೊಟ್ಟಾಗ ಎಂಥ ಫಲಿತಾಂಶ ಬರುತ್ತಿತ್ತೋ ಅದೇ ಚಹರೆಯಲ್ಲಿ ಕಟ್ಟಿದ ಮಾದರಿ. ಊರು ಚೆನ್ನೈ. ಅದಕ್ಕೆ ಕಾರಣವಿದೆ. ಭಾರತದಲ್ಲಿ ಎಚ್‌ಐವಿ ಇದೆ ಎಂದು ಮೊದಲು ಗೊತ್ತಾದದ್ದು 1986ರಲ್ಲಿ, ಇದೇ ಊರಿನ ರಕ್ತದ ಮಾದರಿಗಳಿಂದ. ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತವನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷಿಸಿದಾಗ ಆರು ಮಾದರಿಗಳಲ್ಲಿ ಸೋಂಕು ಕಂಡಿತು. 1993ರಲ್ಲಿ ಸುನೀತಿ ಸಾಲೊಮನ್ ವೈಆರ್‌ಜಿ ಕೇರ್ ಸಂಸ್ಥೆ ಕಟ್ಟಿದರು. ತಾಂಬರಂನ ಸ್ಯಾನಟೋರಿಯಂ ಆಸ್ಪತ್ರೆ ದೇಶದ ದೊಡ್ಡ ಎಚ್‌ಐವಿ ಚಿಕಿತ್ಸಾ ಕೇಂದ್ರಗಳಲ್ಲಿ ಒಂದಾಯಿತು. ಮೊದಲ ಹಂತದ ಮಾತ್ರೆ ಕೆಲಸ ಮಾಡದವರಿಗೆ ಸರ್ಕಾರ 2008ರ ಜನವರಿಯಲ್ಲಿ ಎರಡನೇ ಹಂತದ ಔಷಧ ಕೊಡಲು ಶುರುಮಾಡಿದ್ದು ಎರಡೇ ಕಡೆ: ಮುಂಬೈನ ಜೆಜೆ ಆಸ್ಪತ್ರೆ, ಚೆನ್ನೈನ ತಾಂಬರಂ.

ಔಷಧಕ್ಕೆ ಬಗ್ಗದ ವೈರಸ್ ಅಂದರೆ ಹೆಚ್ಚು ಬಲಿಷ್ಠವಾದ ವೈರಸ್ ಎಂದು ಜನ ತಿಳಿಯುತ್ತಾರೆ. ಈ ವರದಿಯ ಸಾಲುಗಳು ಬೇರೆಯದೇ ಕತೆ ಹೇಳುತ್ತವೆ. ಪ್ರತಿರೋಧಕ್ಕೆ ವೈರಸ್ ಬೆಲೆ ತೆರುತ್ತದೆ. ಕೆಲವು ಬದಲಾವಣೆಗೆ ಹೆಚ್ಚು, ಕೆಲವಕ್ಕೆ ಕಡಿಮೆ. ಕಾಲಾವಕಾಶ ಸಿಕ್ಕರೆ ಆ ನಷ್ಟವನ್ನು ತುಂಬಿಕೊಳ್ಳುತ್ತದೆ ಕೂಡ. ಆ ಅವಕಾಶ ಸಿಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆಯ ತಿರುಳು.

ಸಾಲು 1. ಹೆಸರು: ಇಲ್ಲ, ಸಂಕೇತ ಸಂಖ್ಯೆ ಮಾತ್ರ. ಮಾದರಿ: ಪ್ಲಾಸ್ಮಾ.

ಹೆಸರಿನ ಜಾಗದಲ್ಲಿ ಸಂಖ್ಯೆ ಇರುವುದು ಬರೀ ಕಚೇರಿಯ ಅನುಕೂಲಕ್ಕಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಬ್ಬರ ಸ್ಥಿತಿಯನ್ನು ಇನ್ನೊಬ್ಬರಿಗೆ ತಿಳಿಸುವಂತಿಲ್ಲ ಎಂಬುದು ಅದರ ಮುಖ್ಯ ಮಾತು. ಗುಟ್ಟು ಉಳಿಯುತ್ತದೆ ಎಂಬ ಭರವಸೆ ಇದ್ದರೆ ಜನ ಮಾತ್ರೆ ತೆಗೆದುಕೊಳ್ಳಲು ಬರುತ್ತಾರೆ. ಬರುವುದು ತಪ್ಪಿದರೆ ಮಾತ್ರೆ ತಪ್ಪುತ್ತದೆ, ಮುಂದಿನ ಸಾಲುಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ನೇರಳೆ ಮುಚ್ಚಳದ ಕೊಳವೆಗೆ ತೆಗೆದ ರಕ್ತವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿದು ಮೇಲೆ ತಿಳಿಹಳದಿ ದ್ರವ ನಿಲ್ಲುತ್ತದೆ. ಅದೇ ಪ್ಲಾಸ್ಮಾ. ವೈರಸ್ಸಿನ ಆರ್‌ಎನ್‌ಎ ಇರುವುದು ಅಲ್ಲಿ. ಆರ್‌ಎನ್‌ಎ ಬಿಸಿಗೆ ಬೇಗ ಮುರಿಯುತ್ತದೆ. ಚೆನ್ನೈನ ಬೇಸಿಗೆಯಲ್ಲಿ ಮಾದರಿ ಮೇಜಿನ ಮೇಲೆ ಮರೆತು ಕೂತರೆ ಓದಲು ಏನೂ ಉಳಿಯದು. ಅದಕ್ಕೇ ಪ್ಲಾಸ್ಮಾವನ್ನು ಕೂಡಲೇ ಬೇರ್ಪಡಿಸಿ ಆಳವಾದ ಶೈತ್ಯದಲ್ಲಿ ಇಡುತ್ತಾರೆ.

ಸಾಲು 2. ವೈರಲ್ ಲೋಡ್: ಪ್ರತಿ ಮಿಲಿಲೀಟರಿಗೆ 38,000.

ಚಿಕಿತ್ಸೆ ನಡೆಯುತ್ತಿದ್ದರೂ ಪ್ಲಾಸ್ಮಾದ ಒಂದು ಮಿಲಿಲೀಟರಿನಲ್ಲಿ ವೈರಸ್ಸಿನ ಇಷ್ಟು ಪ್ರತಿಗಳಿವೆ. 1,000 ದಾಟಿದರೆ ಚಿಕಿತ್ಸೆ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಕಾರ್ಯಕ್ರಮಗಳು ಎಚ್ಚರಗೊಳ್ಳುತ್ತವೆ.

ಔಷಧವಿಲ್ಲದ ದೇಹದಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ವೈರಸ್ ಕಣಗಳು ಹುಟ್ಟುತ್ತವೆ ಎಂದು 1990ರ ದಶಕದ ನಡುವೆ ನಡೆದ ಲೆಕ್ಕಾಚಾರಗಳು ತೋರಿಸಿದವು. ಎಚ್‌ಐವಿಯ ಜೀನೋಮ್ ಸುಮಾರು 9,700 ಅಕ್ಷರಗಳದು. ಅದನ್ನು ನಕಲು ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಬರೆದದ್ದನ್ನು ತಿದ್ದಿ ನೋಡುವ ಏರ್ಪಾಡು ಅದಕ್ಕಿಲ್ಲ. ಸರಾಸರಿ ಮೂರು ಪ್ರತಿಗೆ ಒಂದು ತಪ್ಪು ನುಸುಳುತ್ತದೆ. ಇಷ್ಟು ಪ್ರತಿಗಳು, ಇಷ್ಟು ತಪ್ಪುಗಳು ಸೇರಿದಾಗ, ಜೀನೋಮಿನ ಯಾವುದೇ ಒಂದು ಅಕ್ಷರ ಬದಲಾದ ವೈರಸ್ ಮಾತ್ರೆ ಮುಟ್ಟುವ ಮುಂಚೆಯೇ ದೇಹದಲ್ಲಿ ಹುಟ್ಟಿ ಅಳಿಯುತ್ತಿರುತ್ತದೆ.

ಹಾಗಾಗಿ ಔಷಧ ವೈರಸ್ಸಿಗೆ ಪ್ರತಿರೋಧ ಕಲಿಸುವುದಿಲ್ಲ. ಅದು ಆರಿಸುತ್ತದೆ ಅಷ್ಟೆ. ಮಾತ್ರೆ ಬೀಳುವ ತನಕ ಲಕ್ಷಾಂತರ ಬಂಧುಗಳ ನಡುವೆ ಮೂಲೆಗುಂಪಾಗಿದ್ದ ಒಂದು ವಿಚಿತ್ರ ಪ್ರತಿ, ಮಿಕ್ಕವು ಸಾಯುತ್ತಿದ್ದಂತೆ ಮುಂದೆ ಬರುತ್ತದೆ. ಅದು ಮೂಲೆಗುಂಪಾಗಿತ್ತು ಎಂಬುದನ್ನು ಗಮನಿಸಬೇಕು. ಒಂದು ನಿರ್ದಿಷ್ಟ ಪರಿಸರದಲ್ಲಿ ವೈರಸ್ ಎಷ್ಟು ಚೆನ್ನಾಗಿ ವೃದ್ಧಿಯಾಗುತ್ತದೆ ಎಂಬುದಕ್ಕೆ ಫಿಟ್‌ನೆಸ್ ಎನ್ನುತ್ತಾರೆ. ಔಷಧವಿಲ್ಲದ ಪರಿಸರದಲ್ಲಿ ಮೂಲರೂಪದ ವೈರಸ್ ಗೆಲ್ಲುತ್ತದೆ. ಔಷಧವಿದ್ದಲ್ಲಿ ಬದಲಾದದ್ದು ಗೆಲ್ಲುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಒಂದು ಅಕ್ಷರದ ಬದಲಾವಣೆ ಸುಲಭ. ಮೂರು ಔಷಧಗಳಿಗೂ ಬೇಕಾದ ಬದಲಾವಣೆಗಳು ಒಂದೇ ಪ್ರತಿಯಲ್ಲಿ ಒಟ್ಟಿಗೆ ಕೂಡಿಬರುವುದು ಬಹಳ ಕಷ್ಟ. ಮೂರು ಔಷಧ ಒಟ್ಟಿಗೆ ಕೊಡುವುದರ ಹಿಂದಿನ ತರ್ಕ ಇದೇ.

ಸಾಲು 3. ಉಪವಿಧ: ಎಚ್‌ಐವಿ-1, ಸಿ.

ಭಾರತದ ಹೆಚ್ಚಿನ ಸೋಂಕು ಸಿ ಉಪವಿಧದ್ದು. ಅಮೆರಿಕ, ಯುರೋಪುಗಳಲ್ಲಿ ಬಹುಕಾಲ ಅಧ್ಯಯನವಾದದ್ದು ಬಿ ಉಪವಿಧ. ಅಲ್ಲಿನ ಪಾಠ ಇಲ್ಲಿಗೂ ಬಹುಪಾಲು ಹೊಂದುತ್ತದೆ, ಪೂರ್ತಿಯಲ್ಲ. ಎಂಟನೇ ಸಾಲಿನಲ್ಲಿ ಅದರ ಗುರುತಿದೆ. ಫಿಟ್‌ನೆಸ್ ಬರೀ ಔಷಧದಿಂದ ನಿರ್ಧಾರವಾಗುವುದೂ ಅಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ಸಿ ಉಪವಿಧದ ಜೀನುಗಳನ್ನು ಚಾಲೂ ಮಾಡುವ ಭಾಗವನ್ನು ಅಧ್ಯಯನ ಮಾಡಿ, ಅಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಅಂಟುವ ತಾಣಗಳು ಮೂರರ ಬದಲು ನಾಲ್ಕಿರುವ ತಳಿಗಳು ದಕ್ಷಿಣ ಭಾರತದಲ್ಲಿ ಹೆಚ್ಚುತ್ತಿರುವುದನ್ನು 2012ರಲ್ಲಿ ವರದಿ ಮಾಡಿತು. ಜೀನೋಟೈಪ್ ವರದಿ ಆ ಭಾಗವನ್ನು ನೋಡುವುದೇ ಇಲ್ಲ.

ಸಾಲು 4. ಈಗಿನ ಔಷಧ: ಜಿಡೊವುಡಿನ್, ಲಮಿವುಡಿನ್, ನೆವಿರಪಿನ್.

2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿತು. ಮೊದಲ ಕೆಲವೇ ಕೇಂದ್ರಗಳಲ್ಲಿ ತಾಂಬರಂ ಇತ್ತು, ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಇತ್ತು. ಕೊಡುತ್ತಿದ್ದದ್ದು ಹೆಚ್ಚೂಕಡಿಮೆ ಇದೇ ಕೂಟ. ಜಿಡೊವುಡಿನ್ ಜಾಗದಲ್ಲಿ ಕೆಲವರಿಗೆ ಸ್ಟಾವುಡಿನ್. ಮೊದಲ ಎರಡು ಔಷಧಗಳು ಡಿಎನ್‌ಎ ಕಟ್ಟುವ ಅಕ್ಷರಗಳ ವೇಷ ಹಾಕಿ ಸರಪಳಿಗೆ ಸೇರಿ ಅದನ್ನು ಅಲ್ಲಿಗೇ ನಿಲ್ಲಿಸುತ್ತವೆ. ನೆವಿರಪಿನ್ ಕಿಣ್ವದ ಇನ್ನೊಂದು ಗುಳಿಯಲ್ಲಿ ಸೇರಿಕೊಂಡು ಅದರ ಕೈಕಟ್ಟುತ್ತದೆ.

ಈ ಸಾಲು ನೋಡಿದೊಡನೆ ಎಲ್ಲರ ಬಾಯಲ್ಲೂ ಬರುವ ಮಾತು: "ಮಾತ್ರೆ ಬಿಟ್ಟಿದ್ರಾ?" ಕೇಳುವುದು ತಪ್ಪಲ್ಲ. ತಪ್ಪಾಗುವುದು ಉತ್ತರ ಕೇಳುವ ಮೊದಲೇ ಎದುರಿಗಿದ್ದವರನ್ನು ಹೊಣೆ ಮಾಡಿದಾಗ. ಮೂರೂ ಮಾತ್ರೆ ಒಂದೇ ದಿನ ನಿಂತರೂ ಮೂರೂ ಒಟ್ಟಿಗೆ ರಕ್ತದಿಂದ ಇಳಿಯುವುದಿಲ್ಲ. ಉಳಿದೆರಡು ಬೇಗ ಕರಗುತ್ತವೆ. ನೆವಿರಪಿನ್ ಇನ್ನೂ ಹಲವು ದಿನ ಉಳಿಯುತ್ತದೆ. ಆ ದಿನಗಳಲ್ಲಿ ವೈರಸ್ಸಿನ ಎದುರು ಇರುವುದು ಒಂದೇ ಔಷಧ, ಅದೂ ಇಳಿಯುತ್ತಿರುವ ಪ್ರಮಾಣದಲ್ಲಿ. ಪ್ರತಿರೋಧಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಿತಿ ಇನ್ನೊಂದಿಲ್ಲ. ಊರಿಗೆ ಹೋದವರು, ಕೂಲಿ ಬಿಟ್ಟು ಬರಲಾಗದವರು, ಮನೆಯಲ್ಲಿ ಡಬ್ಬಿ ಬಚ್ಚಿಡುವವರು ಸಿಕ್ಕಿಬೀಳುವುದು ಈ ಸಂದಿನಲ್ಲಿ.

ಬರೀ ನೆನಪಿಸಿದರೆ ಸಾಕೇ? ದಕ್ಷಿಣ ಭಾರತದ ಮೂರು ಕೇಂದ್ರಗಳಲ್ಲಿ 631 ಜನರ ಮೇಲೆ ನಡೆದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ಕೇಳಿತು. ವಾರಕ್ಕೊಮ್ಮೆ ಫೋನ್ ಕರೆ, ಚಿತ್ರದ ಸಂದೇಶ ಕಳಿಸಿದ ಗುಂಪಿಗೂ ಕಳಿಸದ ಗುಂಪಿಗೂ ಚಿಕಿತ್ಸೆ ವಿಫಲವಾಗುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇನ್ನು ಮಾತ್ರೆಯೇ ಸಿಗದಿದ್ದರೆ ನೆನಪಿದ್ದೂ ಪ್ರಯೋಜನವಿಲ್ಲ. 2022ರ ಜುಲೈನಲ್ಲಿ ಔಷಧದ ಕೊರತೆಯಾಗಿದೆ ಎಂದು ಎಚ್‌ಐವಿಯೊಂದಿಗೆ ಬದುಕುತ್ತಿರುವವರು ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೊ) ಕಚೇರಿಯಲ್ಲಿ ಧರಣಿ ಕೂತರು. ದಾಸ್ತಾನು ಸಾಕಷ್ಟಿದೆ ಎಂದು ಸರ್ಕಾರ ಹೇಳಿತು. ಧರಣಿ ವಾರಗಟ್ಟಲೆ ನಡೆಯಿತು. ಮಾತ್ರೆ ಕೈಗೆ ಸಿಗದ ದಿನಗಳ ಲೆಕ್ಕವನ್ನು ವೈರಸ್ ತಪ್ಪದೆ ಇಟ್ಟಿರುತ್ತದೆ.

ಸಾಲು 5. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಸ್ಥಾನ 184: ಎಂ ಇದ್ದಲ್ಲಿ ವಿ.

ಇಡೀ ವರದಿಯ ಹೃದಯ ಈ ಸಾಲು. ಕಿಣ್ವದ 184ನೇ ಸ್ಥಾನದಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಇರಬೇಕಿತ್ತು. ವ್ಯಾಲಿನ್ ಬಂದು ಕೂತಿದೆ. ಬರೆಯುವುದು ಎಂ184ವಿ ಎಂದು. ಹಳೆಯ ಮೊದಲ ಹಂತದ ಚಿಕಿತ್ಸೆ ವಿಫಲವಾದಾಗ ಚೆನ್ನೈನಲ್ಲೂ ಬೇರೆಡೆಯೂ ಅತಿ ಹೆಚ್ಚಾಗಿ ಕಾಣಸಿಗುವ ಬದಲಾವಣೆಗಳಲ್ಲಿ ಇದೊಂದು.

ಯಂತ್ರ ತೆಗೆದ ಗೆರೆಚಿತ್ರದಲ್ಲಿ ಇದು ಕಣ್ಣಿಗೆ ಹೀಗೆ ಕಾಣುತ್ತದೆ. ಪ್ರತಿ ಅಕ್ಷರಕ್ಕೆ ಒಂದು ಬಣ್ಣದ ಶಿಖರ: ಎ ಹಸಿರು, ಸಿ ನೀಲಿ, ಜಿ ಕಪ್ಪು, ಟಿ ಕೆಂಪು. 184ರಲ್ಲಿ ಎಟಿಜಿ ಎಂಬ ಮೂರು ಅಕ್ಷರ ಇರಬೇಕು: ಹಸಿರು, ಕೆಂಪು, ಕಪ್ಪು. ಬದಲಾದ ವೈರಸ್ಸಿನಲ್ಲಿ ಮೊದಲ ಶಿಖರವೂ ಕಪ್ಪು, ಅಂದರೆ ಜಿಟಿಜಿ. ಎರಡೂ ಬಗೆಯ ವೈರಸ್ ಒಟ್ಟಿಗಿದ್ದರೆ ಅದೇ ಜಾಗದಲ್ಲಿ ಹಸಿರು ಶಿಖರವೂ ಕಪ್ಪು ಶಿಖರವೂ ಒಂದರ ಮೇಲೊಂದು ಕೂರುತ್ತವೆ. ಕಪ್ಪು ಹಸಿರನ್ನು ಮೀರಿ ಎದ್ದಿದ್ದರೆ ಹೊಸತು ಹಳತನ್ನು ಹಿಂದಿಕ್ಕಿದೆ ಎಂದರ್ಥ. ಒಂದೇ ದೇಹದೊಳಗೆ ನಡೆದ ಆಯ್ಕೆ ಒಂದು ಅಕ್ಷರದ ಅಗಲದಲ್ಲಿ ಕಣ್ಣೆದುರಿಗಿರುತ್ತದೆ.

ಮೆಥಿಯೋನಿನ್ನಿನ ಪಾರ್ಶ್ವ ಸರಪಳಿ ನೀಳ, ಬಾಗುವಂಥದ್ದು. ವ್ಯಾಲಿನ್ನಿನದು ಬುಡದಲ್ಲೇ ಕವಲೊಡೆದದ್ದು. ಆ ಕವಲು ಲಮಿವುಡಿನ್ ಅಣುವಿನ ಉಂಗುರಕ್ಕೆ ಡಿಕ್ಕಿ ಹೊಡೆಯುತ್ತದೆ. ಗೆಣ್ಣು ದಪ್ಪಗಾದ ಕೈಗೆ ಬಳೆ ಏರಿಸಿದ ಹಾಗೆ: ಅಳತೆಯ ಬಳೆ ತುಸು ಬಿಗಿಯಾದರೂ ಹೋಗುತ್ತದೆ, ಸ್ವಲ್ಪ ಚಿಕ್ಕದಾದದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೇ ಅಕ್ಷರದ ಬದಲಾವಣೆಯಿಂದ ಲಮಿವುಡಿನ್ ಮೇಲಿನ ಪ್ರತಿರೋಧ ನೂರು ಪಟ್ಟಿಗೂ ಮೀರಿ ಏರುತ್ತದೆ.

ಬೆಲೆ ಇರುವುದು ಆ 'ತುಸು ಬಿಗಿ'ಯಲ್ಲಿ. ನಿಜವಾದ ಅಕ್ಷರಗಳೂ ಮೊದಲಿನಷ್ಟು ಸಲೀಸಾಗಿ ಹೋಗುವುದಿಲ್ಲ. 1996ರಲ್ಲಿ ಆಮ್‌ಸ್ಟರ್‌ಡಾಮಿನ ಸಂಶೋಧಕರು ತೋರಿಸಿದಂತೆ, ಡಿಎನ್‌ಎ ಕಟ್ಟುವ ಸಾಮಗ್ರಿ ಕಡಿಮೆ ಇರುವ ಜೀವಕೋಶಗಳಲ್ಲಿ ಈ ಕಿಣ್ವ ನಡುವೆಯೇ ನಕಲು ಬಿಟ್ಟು ಕಳಚಿಕೊಳ್ಳುತ್ತದೆ. ವೈರಸ್ಸಿನ ವೃದ್ಧಿ ಕುಗ್ಗುತ್ತದೆ. ಲಮಿವುಡಿನ್ ಶುರುವಾದ ವಾರಗಳಲ್ಲಿ ಮೊದಲು ಕಾಣುವುದು ವ್ಯಾಲಿನ್ ಅಲ್ಲ, ಐಸೊಲ್ಯೂಸಿನ್; ಅದನ್ನು ತರುವ ಜಿಯಿಂದ ಎಗೆ ಆಗುವ ತಪ್ಪು ಹೆಚ್ಚು ಸಲ ನಡೆಯುತ್ತದೆ. ಆದರೆ ಐಸೊಲ್ಯೂಸಿನ್ ಇರುವ ಕಿಣ್ವ ಇನ್ನೂ ನಿಧಾನ. ಹಾಗಾಗಿ ಕೆಲವು ವಾರಗಳಲ್ಲಿ ವ್ಯಾಲಿನ್ ಅದನ್ನು ಹಿಂದೆ ಹಾಕುತ್ತದೆ. ಎರಡೂ ಲಮಿವುಡಿನ್ನಿಗೆ ಜಗ್ಗುವುದಿಲ್ಲ. ಗೆಲುವನ್ನು ನಿರ್ಧರಿಸಿದ್ದು ಯಾವುದು ಕಡಿಮೆ ಬೆಲೆ ತೆರುತ್ತದೆ ಎಂಬುದು ಮಾತ್ರ. ಫಿಟ್‌ನೆಸ್ ಎಂದರೇನು ಎಂದು ಕೇಳಿದವರಿಗೆ ಇದಕ್ಕಿಂತ ಚೊಕ್ಕ ಉತ್ತರ ನಾನು ಕಂಡಿಲ್ಲ.

ಇಟಲಿಯ ಒಂದು ಸಣ್ಣ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಎಂ184ವಿ ಇದ್ದವರಲ್ಲಿ ಕೆಲವರಿಗೆ ಎಲ್ಲ ಔಷಧ ನಿಲ್ಲಿಸಿದರು, ಕೆಲವರಿಗೆ ಲಮಿವುಡಿನ್ ಮಾತ್ರ ಉಳಿಸಿದರು. ಆ ವೈರಸ್ಸಿಗೆ ತಾಗದ ಔಷಧ ಅದು. ಆದರೂ ಅದನ್ನು ತೆಗೆದುಕೊಂಡವರಲ್ಲಿ ವೈರಸ್ ಏರಿದ್ದು ಕಡಿಮೆ, ರೋಗನಿರೋಧಕ ಸಿಡಿ4 ಕೋಶಗಳು ಕುಸಿದದ್ದು ನಿಧಾನ. ಔಷಧ ಇರುವ ತನಕ ವೈರಸ್ ಕುಂಟುವ ರೂಪದಲ್ಲೇ ಇರಬೇಕಾಗುತ್ತದೆ; ತೆಗೆದರೆ ಮೂಲರೂಪ ಮರಳುತ್ತದೆ. ಒಂದೇ ಮಾತ್ರೆ ಸಾಕು ಎಂದು ಇದರಿಂದ ಯಾರೂ ತಿಳಿಯಬಾರದು. ವೈರಸ್ ಕುಂಟಿದರೂ ನಡೆಯುತ್ತಲೇ ಇರುತ್ತದೆ.

ಸಾಲು 6. ಸ್ಥಾನ 215: ಟಿ ಇದ್ದಲ್ಲಿ ವೈ. ಸ್ಥಾನ 41: ಎಂ ಇದ್ದಲ್ಲಿ ಎಲ್.

ಇವು ಜಿಡೊವುಡಿನ್, ಸ್ಟಾವುಡಿನ್ ತಂದ ಬದಲಾವಣೆಗಳು. ಎಂ184ವಿ ಔಷಧವನ್ನು ಬಾಗಿಲಲ್ಲೇ ತಡೆದರೆ, ಇವು ಒಳಬಂದು ಸರಪಳಿಗೆ ಸೇರಿದ ಔಷಧವನ್ನು ಎಟಿಪಿ ಬಳಸಿ ಕಿತ್ತು ಹೊರಹಾಕುತ್ತವೆ. ಎಂ184ವಿ ಆ ಕೀಳುವ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಹೀಗಾಗಿ ಲಮಿವುಡಿನ್ನಿಗೆ ಪ್ರತಿರೋಧ ಗಳಿಸಿದ ವೈರಸ್ ಜಿಡೊವುಡಿನ್ ಮತ್ತು ಅದೇ ಬಗೆಯ ಇನ್ನೊಂದು ಔಷಧ ಟೆನೊಫೋವಿರ್‌ಗಳಿಗೆ ತುಸು ಹೆಚ್ಚೇ ಬಗ್ಗುತ್ತದೆ.

215ರಲ್ಲಿ ಥ್ರಿಯೋನಿನ್ ಹೋಗಿ ಟೈರೋಸಿನ್ ಬರಲು ಎರಡು ಅಕ್ಷರ ಬದಲಾಗಬೇಕು: ಎಸಿಸಿ ಹೋಗಿ ಟಿಎಸಿ. ಅದು ತಿಂಗಳುಗಳ ಕೆಲಸ. ಆದ್ದರಿಂದ ಈ ಸಾಲು ಕಾಲವನ್ನೂ ಹೇಳುತ್ತದೆ: ಮಾತ್ರೆ ವಿಫಲವಾದ ಮೇಲೂ ಬಹಳ ದಿನ ಅದೇ ಕೂಟ ಮುಂದುವರಿದಿತ್ತು. ಉಚಿತ ಚಿಕಿತ್ಸೆಯ ಮೊದಲ ವರ್ಷಗಳಲ್ಲಿ ವೈರಲ್ ಲೋಡ್ ಪರೀಕ್ಷೆ ಎಲ್ಲರಿಗೂ ಇರಲಿಲ್ಲ. ಸಿಡಿ4 ಇಳಿದ ಮೇಲೋ, ಕಾಯಿಲೆ ಬಿದ್ದ ಮೇಲೋ ಗೊತ್ತಾಗುತ್ತಿತ್ತು. ಆ ತಡದಲ್ಲಿ ಒಂದರ ಮೇಲೊಂದು ಬದಲಾವಣೆಗಳು ಪೇರಿಕೊಂಡವು.

ಈ ವೈರಸ್ ಔಷಧ ತೆಗೆದುಕೊಳ್ಳದ ಬೇರೊಬ್ಬರಿಗೆ ಹರಡಿದರೆ ಟೈರೋಸಿನ್ ನಿಲ್ಲುವುದಿಲ್ಲ. ಹಾಗೆಂದು ಥ್ರಿಯೋನಿನ್ನಿಗೂ ಮರಳುವುದಿಲ್ಲ, ಅದಕ್ಕೆ ಎರಡು ಹೆಜ್ಜೆ ಬೇಕು. ಒಂದೇ ಹೆಜ್ಜೆಯಲ್ಲಿ ಸಿಗುವ ಸೆರಿನ್, ಸಿಸ್ಟೀನ್, ಆಸ್ಪಾರ್ಟಿಕ್ ಆಮ್ಲದಂಥ ನಡುದಾರಿಯಲ್ಲಿ ನಿಂತುಬಿಡುತ್ತದೆ. ಅಲ್ಲಿಗೆ ಬೆಲೆ ಬಹುತೇಕ ತೀರಿರುತ್ತದೆ. ಎಂದೂ ಔಷಧ ಮುಟ್ಟದವರ ವರದಿಯಲ್ಲಿ ಇಂಥ ಅಕ್ಷರ ಕಂಡರೆ, ಅವರಿಗೆ ಸೋಂಕು ಬಂದ ಸರಪಳಿಯಲ್ಲಿ ಎಲ್ಲೋ ಒಬ್ಬರು ಜಿಡೊವುಡಿನ್ನನ್ನೋ ಸ್ಟಾವುಡಿನ್ನನ್ನೋ ತೆಗೆದುಕೊಂಡಿದ್ದರೆಂದು ಊಹಿಸಬಹುದು.

ಸಾಲು 7. ಸ್ಥಾನ 103: ಕೆ ಇದ್ದಲ್ಲಿ ಎನ್.

ಬೆಲೆ ಎಲ್ಲಕ್ಕೂ ಒಂದೇ ಅಲ್ಲ ಎಂಬುದನ್ನು ಈ ಸಾಲು ಸಾರುತ್ತದೆ. ಲೈಸಿನ್ನಿನ ಜಾಗದಲ್ಲಿ ಆಸ್ಪರಜಿನ್. ನೆವಿರಪಿನ್, ಅದೇ ಬಗೆಯ ಎಫಾವಿರೆಂಜ್ ಎರಡೂ ಕೈಬಿಟ್ಟವು. ಈ ಔಷಧಗಳು ಕೂರುವ ಗುಳಿ ಡಿಎನ್‌ಎ ಕಟ್ಟುವ ಜಾಗದಿಂದ ಸುಮಾರು ಒಂದು ನ್ಯಾನೋಮೀಟರ್ ದೂರದಲ್ಲಿದೆ. ಅಲ್ಲಿನ ಈ ಬದಲಾವಣೆಯಿಂದ ಕಿಣ್ವದ ಕೆಲಸಕ್ಕೆ ಹೆಚ್ಚು ಧಕ್ಕೆಯಿಲ್ಲ. ಹಾಗಾಗಿ ಕೆ103ಎನ್ ಇರುವ ವೈರಸ್ ಕುಂಟುವುದಿಲ್ಲ. ಇನ್ನೊಬ್ಬರಿಗೆ ಹರಡಿದರೆ ಔಷಧದ ಒತ್ತಡವಿಲ್ಲದೆಯೂ ವರ್ಷಗಟ್ಟಲೆ ಉಳಿಯುತ್ತದೆ.

ಇದರ ಹೊರೆ ಹೆಚ್ಚು ಬಿದ್ದದ್ದು ತಾಯಂದಿರ ಮೇಲೆ. ಹೆರಿಗೆ ಹೊತ್ತಿನಲ್ಲಿ ಒಂದೇ ಗುಳಿಗೆ ನೆವಿರಪಿನ್ ಕೊಟ್ಟರೆ ಮಗುವಿಗೆ ಸೋಂಕು ತಗಲುವುದು ಗಣನೀಯವಾಗಿ ಇಳಿಯುತ್ತದೆ ಎಂದು 1999ರಲ್ಲಿ ಉಗಾಂಡದ ಪ್ರಯೋಗ ತೋರಿಸಿತು. ಭಾರತವೂ ಆ ಕ್ರಮ ಅನುಸರಿಸಿತು. ಎಷ್ಟೋ ಮಕ್ಕಳು ಉಳಿದರು. ಆದರೆ ಆ ಒಂದು ಗುಳಿಗೆ ತಾಯಿಯ ರಕ್ತದಲ್ಲಿ ದಿನಗಟ್ಟಲೆ ಒಂಟಿಯಾಗಿ ಉಳಿದು ಪ್ರತಿರೋಧ ಬಿತ್ತುತ್ತಿತ್ತು. ಹೆರಿಗೆಯಾಗಿ ಆರು ತಿಂಗಳೊಳಗೆ ನೆವಿರಪಿನ್ ಇರುವ ಚಿಕಿತ್ಸೆ ಶುರುಮಾಡಿದ ತಾಯಂದಿರಲ್ಲಿ ಅದು ಹೆಚ್ಚು ವಿಫಲವಾಯಿತು ಎಂದು 2007ರಲ್ಲಿ ಬೋಟ್ಸ್ವಾನಾದ ಅಧ್ಯಯನ ಹೇಳಿತು. ಈಗ ಗರ್ಭಿಣಿಯರಿಗೂ ಪೂರ್ಣ ಚಿಕಿತ್ಸೆಯನ್ನೇ ಕೊಡುತ್ತಾರೆ. ಅದು ತಾಯಿಗೆ ಸಲ್ಲಬೇಕಾದ ನ್ಯಾಯವೂ ಹೌದು.

ಸಾಲು 8. ಸ್ಥಾನ 65: ಬದಲಾವಣೆ ಇಲ್ಲ.

ಇಲ್ಲ ಎನ್ನುವುದೂ ಸುದ್ದಿಯೇ. ಟೆನೊಫೋವಿರ್‌ಗೆ ಪ್ರತಿರೋಧ ತರುವ ಮುಖ್ಯ ಬದಲಾವಣೆ ಕೆ65ಆರ್ ಇಲ್ಲಿ ಕೂರುತ್ತದೆ. ಸಿ ಉಪವಿಧದಲ್ಲಿ ಈ ಜಾಗದ ಸುತ್ತ ಒಂದೇ ಅಕ್ಷರ ಸಾಲಾಗಿ ಬರುವ ರೀತಿಯಿಂದಾಗಿ ಕಿಣ್ವ ಅಲ್ಲಿ ತಡವರಿಸಿ ತಪ್ಪು ಬರೆಯುವುದು ಹೆಚ್ಚು. ಬಿ ಉಪವಿಧದಲ್ಲಿ ಅಷ್ಟಿಲ್ಲ. ಆದರೆ ಕೆ65ಆರ್ ಬೆಲೆಯೂ ದುಬಾರಿ, ಎಂ184ವಿ ಜೊತೆ ಸೇರಿದರೆ ಇನ್ನೂ ದುಬಾರಿ. 215ರ ಬಗೆಯ ಬದಲಾವಣೆಗಳೊಂದಿಗೆ ಅದು ಒಂದೇ ಪ್ರತಿಯಲ್ಲಿ ಬಾಳುವುದು ಅಪರೂಪ. ಒಂದು ಬದಲಾವಣೆ ಔಷಧ ಕೀಳಲು ನೆರವಾದರೆ ಇನ್ನೊಂದು ಕೀಳದಂತೆ ತಡೆಯುತ್ತದೆ.

ಸಾಲು 9. ಪ್ರೋಟಿಯೇಸ್: ಪ್ರಮುಖ ಬದಲಾವಣೆ ಇಲ್ಲ.

ಈ ಕಿಣ್ವವನ್ನು ತಡೆಯುವ ಔಷಧ ಇನ್ನೂ ಕೊಟ್ಟಿಲ್ಲ, ಆದ್ದರಿಂದ ಇದು ನಿರೀಕ್ಷಿತ. ಆದರೆ ಕಳೆದುಕೊಂಡ ಬಲವನ್ನು ವೈರಸ್ ಮರಳಿ ಪಡೆಯುವುದು ಹೇಗೆ ಎಂದು ಮೊದಲು ಚೆನ್ನಾಗಿ ತಿಳಿದದ್ದು ಪ್ರೋಟಿಯೇಸ್‌ನಿಂದಲೇ. ಈ ಕಿಣ್ವ ಗ್ಯಾಗ್ ಎಂಬ ಉದ್ದನೆಯ ಪ್ರೋಟೀನನ್ನು ಗೊತ್ತಾದ ಜಾಗಗಳಲ್ಲಿ ಕತ್ತರಿಸುತ್ತದೆ. ಪ್ರತಿರೋಧಕ್ಕಾಗಿ ಕಿಣ್ವ ಬದಲಾದರೆ ಕತ್ತರಿಸುವ ಕೆಲಸ ಕೆಡುತ್ತದೆ. ಆಗ ಕತ್ತರಿಸಬೇಕಾದ ಜಾಗವೇ ಬದಲಾಗಿ ಹೊಸ ಕಿಣ್ವಕ್ಕೆ ಒಗ್ಗಿಕೊಳ್ಳುತ್ತದೆ. ಪ್ರತಿರೋಧವೂ ಉಳಿಯಿತು, ಬಲವೂ ಮರಳಿತು. ಸಾಮಾನ್ಯ ಜೀನೋಟೈಪ್ ವರದಿ ಗ್ಯಾಗ್ ಭಾಗವನ್ನು ಓದುವುದಿಲ್ಲವಾದ್ದರಿಂದ ಈ ಹೊಂದಾಣಿಕೆ ಕಾಗದದ ಮೇಲೆ ಕಾಣದು.

ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಎಚ್‌ಐವಿಯ ಆಚೆ ಒಂದು ಪಾಠವಿದೆ. ಫ್ಲೂ ವೈರಸ್ಸಿನಲ್ಲಿ ಎಚ್275ವೈ ಎಂಬ ಬದಲಾವಣೆ ಒಸೆಲ್ಟಮಿವಿರ್ ಔಷಧವನ್ನು ಸೋಲಿಸುತ್ತದೆ. ಆ ಬದಲಾವಣೆ ವೈರಸ್ಸನ್ನು ಎಷ್ಟು ಬಳಲಿಸುತ್ತದೆ ಎಂದರೆ ಅದು ಹರಡಲಾರದು ಎಂದು ಬಹುಕಾಲ ನಂಬಿದ್ದರು. 2007-08ರ ಚಳಿಗಾಲದಲ್ಲಿ, ಆ ಔಷಧ ಅಷ್ಟಾಗಿ ಬಳಕೆಯಲ್ಲಿಲ್ಲದ ನಾರ್ವೆಯಂಥ ದೇಶದಲ್ಲೇ ಪ್ರತಿರೋಧಿ ಎಚ್1ಎನ್1 ಹರಡಿತು. ಮುಂದಿನ ವರ್ಷಕ್ಕೆ ಜಗತ್ತಿನ ಋತುಮಾನದ ಎಚ್1ಎನ್1 ಬಹುಪಾಲು ಅದೇ ಆಗಿತ್ತು. ಎಚ್275ವೈ ಉಂಟುಮಾಡುವ ಹಾನಿಯನ್ನು ತುಂಬಿಕೊಡುವ ಬೇರೆ ಬದಲಾವಣೆಗಳು ಅದರಲ್ಲಿ ಮೊದಲೇ ಸೇರಿಕೊಂಡಿದ್ದವು ಎಂದು 2010ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಬೆಲೆ ತೆತ್ತ ವೈರಸ್ ಸೋತಿದೆ ಎಂದು ಕೈಕಟ್ಟಿ ಕೂರುವವರಿಗೆ ಇದು ಎಚ್ಚರಿಕೆ.

ಸಾಲು 10. ಇಂಟಿಗ್ರೇಸ್: ಪ್ರಮುಖ ಬದಲಾವಣೆ ಇಲ್ಲ.

ಈಗ ನಮ್ಮ ದೇಶದ ಚಿಕಿತ್ಸೆ ನಿಂತಿರುವುದು ಈ ಸಾಲಿನ ಮೇಲೆ. 2020ರಿಂದ ರಾಷ್ಟ್ರೀಯ ಕಾರ್ಯಕ್ರಮ ಟೆನೊಫೋವಿರ್, ಲಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆಯ ಕಡೆ ಹೊರಳಿದೆ. ಇಂಟಿಗ್ರೇಸ್ ಕಿಣ್ವವನ್ನು ತಡೆಯುವ ಡೊಲುಟೆಗ್ರಾವಿರ್‌ನ ವಿಶೇಷ ಎಂದರೆ, ಅದಕ್ಕೆ ಪ್ರತಿರೋಧ ಸುಲಭಕ್ಕೆ ದಕ್ಕುವುದಿಲ್ಲ. ಆರ್263ಕೆ ಎಂಬ ಬದಲಾವಣೆ ಬಂದರೆ ವೈರಸ್ ತನ್ನ ಡಿಎನ್‌ಎಯನ್ನು ನಮ್ಮ ಕೋಶದ ಡಿಎನ್‌ಎಗೆ ಹೆಣೆಯುವ ಕೆಲಸದಲ್ಲೇ ಸೊರಗುತ್ತದೆ. ನಂತರ ಬರುವ ಬದಲಾವಣೆಗಳು ಆ ಸೊರಗನ್ನು ನೀಗಿಸುವುದಿಲ್ಲ ಎಂದು ಮಾಂಟ್ರಿಯಲ್‌ನ ಮಾರ್ಕ್ ವೇನ್‌ಬರ್ಗ್ ಅವರ ತಂಡ ಕಂಡುಕೊಂಡಿತು. ವೈರಸ್ಸಿಗೆ ಅದು ಮುಂದೆ ದಾರಿಯಿಲ್ಲದ ಓಣಿ ಎಂಬ ಆಸೆ ಹುಟ್ಟಿತು.

ಆಸೆ ಪೂರ್ತಿ ನಿಜವಾಗಿಲ್ಲ. ಓಣಿ ಒಂದೇ ಇಲ್ಲ. ಜಿ118ಆರ್‌ನಂಥ ಬೇರೆ ದಾರಿಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ ಡೊಲುಟೆಗ್ರಾವಿರ್‌ಗೆ ಪ್ರತಿರೋಧ ಶೇ 3.9ರಿಂದ ಶೇ 8.6ರವರೆಗೆ ಕಂಡಿದೆ, ವೈರಲ್ ಲೋಡ್ ಹೆಚ್ಚಿರುವಾಗಲೇ ಹಳೆಯ ಕೂಟದಿಂದ ಇದಕ್ಕೆ ಬದಲಾದವರಲ್ಲಿ ಶೇ 19.6ರ ತನಕ ಹೋಗಿದೆ. ಔಷಧ ಒಳ್ಳೆಯದು. ಅದನ್ನು ಉಳಿಸಿಕೊಳ್ಳುವ ಕೆಲಸ ನಮ್ಮದು.

ಸಾಲು 11. ತೀರ್ಮಾನ: ನೆವಿರಪಿನ್, ಲಮಿವುಡಿನ್: ಉನ್ನತ ಪ್ರತಿರೋಧ. ಜಿಡೊವುಡಿನ್: ಮಧ್ಯಮ. ಟೆನೊಫೋವಿರ್: ಅಲ್ಪ. ಡೊಲುಟೆಗ್ರಾವಿರ್: ಪರಿಣಾಮಕಾರಿ.

ವರದಿ ಪಡೆದವರಿಗೆ ಅತಿ ಗಲಿಬಿಲಿ ಮಾಡುವ ಸಾಲು ಇದು. ಲಮಿವುಡಿನ್ನಿಗೆ ಉನ್ನತ ಪ್ರತಿರೋಧ ಎಂದು ಕಾಗದ ಹೇಳುತ್ತದೆ. ವೈದ್ಯರು ಬರೆದುಕೊಡುವ ಹೊಸ ಮಾತ್ರೆಯಲ್ಲೂ ಲಮಿವುಡಿನ್ ಇರುತ್ತದೆ. ತಪ್ಪಾಗಿ ಬರೆದರೋ ಎಂದು ಅನುಮಾನ ಬರುವುದು ಸಹಜ. ಐದನೇ ಸಾಲು ಓದಿದವರಿಗೆ ಉತ್ತರ ಗೊತ್ತು: ಎಂ184ವಿ ಉಳಿಯಲಿ ಎಂದೇ ಅದನ್ನು ಇಟ್ಟಿದ್ದಾರೆ. ಉಳಿದರೆ ವೈರಸ್ ನಿಧಾನವಾಗುತ್ತದೆ, ಟೆನೊಫೋವಿರ್ ಹೆಚ್ಚು ತಾಗುತ್ತದೆ. ಕೆನ್ಯಾ, ಉಗಾಂಡ, ಜಿಂಬಾಬ್ವೆಗಳಲ್ಲಿ 464 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ನಾಡಿಯಾ ಪ್ರಯೋಗ ಇದಕ್ಕೆ ಬಲ ಕೊಟ್ಟಿತು. ಎಂ184ವಿ, ಕೆ65ಆರ್ ಹೆಚ್ಚಾಗಿ ಇದ್ದ ಗುಂಪಿನಲ್ಲೂ ಡೊಲುಟೆಗ್ರಾವಿರ್ ತೆಗೆದುಕೊಂಡವರಲ್ಲಿ ಹತ್ತರಲ್ಲಿ ಒಂಬತ್ತು ಜನರ ವೈರಸ್ 48 ವಾರಕ್ಕೆ ಹತೋಟಿಗೆ ಬಂತು. ಹಳೆಯ ಟೆನೊಫೋವಿರ್, ಲಮಿವುಡಿನ್ ಜೋಡಿಯನ್ನು ಉಳಿಸಿಕೊಂಡವರು ಜಿಡೊವುಡಿನ್ನಿಗೆ ಬದಲಾದವರಿಗಿಂತ ಹಿಂದೆ ಬೀಳಲಿಲ್ಲ.

ಸಾಲು 12. ಟಿಪ್ಪಣಿ: ಒಟ್ಟು ವೈರಸ್ಸಿನ ಶೇ 20ಕ್ಕಿಂತ ಕಡಿಮೆ ಇರುವ ರೂಪಗಳು ಈ ಪರೀಕ್ಷೆಯಲ್ಲಿ ಕಾಣದಿರಬಹುದು.

ಸಣ್ಣ ಅಕ್ಷರದಲ್ಲಿ ಅಚ್ಚಾದ ಈ ಸಾಲನ್ನು ಯಾರೂ ಓದುವುದಿಲ್ಲ. ರೋಗಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಇದೇ. ಮಾತ್ರೆ ನಿಂತ ಮೇಲೆ ಕುಂಟುವ ವೈರಸ್ ವಾರಗಳಲ್ಲಿ ಹಿಂದೆ ಸರಿಯುತ್ತದೆ, ಮೂಲರೂಪ ಮುಂದೆ ಬರುತ್ತದೆ. ಆ ಹೊತ್ತಿನಲ್ಲಿ ರಕ್ತ ತೆಗೆದರೆ 184ರಲ್ಲಿ ಹಸಿರು ಶಿಖರ ಮಾತ್ರ ಕಾಣುತ್ತದೆ, ಪ್ರತಿರೋಧ ಇಲ್ಲ ಎಂದು ವರದಿ ಬರುತ್ತದೆ. ಪ್ರತಿರೋಧಿ ರೂಪ ಇಲ್ಲವೆಂದಲ್ಲ. ನಿದ್ರಿಸುವ ಸಿಡಿ4 ಕೋಶಗಳ ಡಿಎನ್‌ಎಯಲ್ಲಿ ಹೆಣೆದುಕೊಂಡು ಕೂತಿರುತ್ತದೆ. ಅದೇ ಔಷಧ ಮತ್ತೆ ಬಂದರೆ ಏಳುತ್ತದೆ. ಫಿಟ್‌ನೆಸ್ ಕಡಿಮೆ ಇರುವುದರಿಂದಲೇ ಅದು ಅಡಗುತ್ತದೆ ಎಂಬುದು ಇಲ್ಲಿನ ಕಷ್ಟ.

ಆದ್ದರಿಂದ ಮೂರು ಮಾತು. ಜೀನೋಟೈಪ್ ಪರೀಕ್ಷೆಗೆ ರಕ್ತ ಕೊಡುವಾಗ ಮಾತ್ರೆ ನಡೆಯುತ್ತಿರಬೇಕು. ನಿಲ್ಲಿಸಿದ್ದರೆ ಎಷ್ಟು ದಿನವಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು, ಹೇಳಿದವರನ್ನು ಯಾರೂ ಗದರಬಾರದು. ಹಳೆಯ ವರದಿಗಳನ್ನು ಒಂದನ್ನೂ ಎಸೆಯಬಾರದು. ಒಮ್ಮೆ ಕಂಡ ಪ್ರತಿರೋಧ ಮುಂದಿನ ಎಲ್ಲ ವರದಿಗಳಲ್ಲೂ ಇದೆ ಎಂದೇ ಎಣಿಸಿ ಔಷಧ ಆರಿಸಬೇಕು. ಕೆಲಸಕ್ಕಾಗಿ ಬೆಂಗಳೂರಿಂದ ಚೆನ್ನೈಗೆ, ಚೆನ್ನೈನಿಂದ ಬೆಂಗಳೂರಿಗೆ ಹೋಗಿ ಬಂದು ಚಿಕಿತ್ಸಾ ಕೇಂದ್ರ ಬದಲಿಸುವವರಿಗೆ ಆ ಕಾಗದಗಳೇ ದಾಖಲೆ. ಮೂರನೆಯದು ಸರ್ಕಾರಕ್ಕೆ: ವೈರಲ್ ಲೋಡ್ ಪರೀಕ್ಷೆ ಹೊತ್ತಿಗೆ ಸರಿಯಾಗಿ ನಡೆಯಬೇಕು, ಮಾತ್ರೆಯ ಸರಬರಾಜು ಒಂದು ದಿನವೂ ಕಡಿಯಬಾರದು. ಈ ವರದಿಯಲ್ಲಿ ಎಂ184ವಿ ಒಂದೇ ಇದ್ದಿದ್ದರೆ ಹೊಸ ಮಾತ್ರೆಗೆ ಹಾದಿ ಇನ್ನೂ ಸಲೀಸಾಗಿರುತ್ತಿತ್ತು. 215, 41ರ ಬದಲಾವಣೆಗಳು ಸೇರಿಕೊಂಡದ್ದು ತಿಂಗಳುಗಟ್ಟಲೆ ತಡವಾದದ್ದರಿಂದ. ಆ ತಡವನ್ನು ತಪ್ಪಿಸುವ ಪರೀಕ್ಷೆಯೂ ನಮ್ಮಲ್ಲಿದೆ, ಔಷಧವೂ ನಮ್ಮಲ್ಲಿದೆ.